ಸರ್ವರ್ ಡೌನ್

ಮಂಡ್ಯದಲ್ಲಿ ಏಪ್ರಿಲ್. ಫ್ಯಾನು ಬಿಸಿಯನ್ನೇ
ಮಗುಚಿ ಮಗುಚಿ ಹಾಕುತ್ತಿದೆ.
ತಾಲ್ಲೂಕು ಕಚೇರಿ ಹಿಂದಿನ ಓಣಿ,
ನನ್ನ ಜೆರಾಕ್ಸ್ ಅಂಗಡಿ, ಒಂದು ಬೆಂಚು,
ಬೆಂಚಿನ ಮೇಲೆ ಏಳು ಜನ,
ಏಳು ಜನರ ಕೈಯಲ್ಲೂ
ಪ್ಲಾಸ್ಟಿಕ್ ಕವರಿನೊಳಗೆ ಬೆವೆತ ಕಾಗದ.
ಸರ್ವರ್ ಡೌನ್ ಕಣ್ರಪ್ಪಾ, ಅಂದೆ.
ಯಾರೂ ಏಳಲಿಲ್ಲ. ಎದ್ದರೆ ಜಾಗ ಹೋಗುತ್ತದೆ.

ಪರದೆಯ ನಡುವೆ ಬಳೆಯೊಂದು
ಸುತ್ತುತ್ತಲೇ ಇತ್ತು.
ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದೆ.
ಅಲ್ಲಿ ಚಳಿಗಾಲ.
ಬಿಳೀ ಇಳಿಜಾರು, ಕೆಂಪು ಟೊಪ್ಪಿಯ ಹುಡುಗ,
ಗಾಲಿಯಿಲ್ಲದ ಗಾಡಿ.
ಹೆಸರು ಕೇಳುವುದಿಲ್ಲ, ಓಟಿಪಿ ಕಳಿಸುವುದಿಲ್ಲ,
ಬಾಣದ ಗುಂಡಿ ಒತ್ತಿದರೆ ಸಾಕು,
ಜರ್ರನೆ.
ಸಾವಿರದ ಹನ್ನೆರಡು ಅಂಕ ನನ್ನ ದಾಖಲೆ.
ಈ ಓಣಿಯಲ್ಲಿ ಸಹಿ, ಸೀಲು ಬೇಡದ
ಒಂದೇ ದಾಖಲೆ.

ನಾನು ಹಿಮ ನೋಡಿಲ್ಲ.
ಅತ್ತಿಗೆ ಮನೆಯ ಫ್ರೀಜರ್ ಕೆರೆದು ತಿಂದದ್ದುಂಟು.
ನಮ್ಮೂರಲ್ಲಿ ಆಕಾಶದಿಂದ ಉದುರುವುದು ಕಪ್ಪು:
ಕಬ್ಬು ಅರೆಯುವ ತಿಂಗಳಲ್ಲಿ ಚಿಮಣಿಯ ಮಸಿ,
ಒಣಹಾಕಿದ ಬಿಳೀ ಪಂಚೆಯ ಮೇಲೆ
ಮೆಲ್ಲಗೆ ಕೂರುತ್ತದೆ,
ಒರೆಸಿದರೆ ಗೆರೆಯಾಗಿ ಉಳಿಯುತ್ತದೆ.

"ಅದೇನವ್ವಾ, ಉಪ್ಪಾ?"
ಹೆಗಲ ಪಕ್ಕ ಎಲೆಯಡಿಕೆ ವಾಸನೆ.
ಕೀಲಾರದ ಪುಟ್ಟಸಿದ್ದಮ್ಮ. ಮೂರನೇ ಸಲ ಬಂದಿದ್ದಾಳೆ,
ಬದುಕಿದ್ದೇನೆ ಎಂದು ಬೆರಳೊತ್ತಿ ಹೇಳಲು.
ಯಂತ್ರ ಒಪ್ಪುತ್ತಿಲ್ಲ.
ಐವತ್ತು ವರ್ಷ ನಾಟಿ, ಕಳೆ,
ಆಲೆಮನೆಯ ಕೊಪ್ಪರಿಗೆ ಉಜ್ಜಿ ಉಜ್ಜಿ
ಗೆರೆಯೆಲ್ಲ ಸವೆದು
ಬೆರಳು ಹುಣಸೆಬೀಜದಂತೆ ನುಣುಪು.
"ಹೆಬ್ಬೆಟ್ಟು ಹೆಬ್ಬೆಟ್ಟು ಅಂತ ಆಡ್ಕತಿದ್ರು,
ಈಗ ನೋಡು, ಹೆಬ್ಬೆಟ್ಟೂ ಇಲ್ಲ" ಎಂದು
ಹೋದ ಸಲ ತಾನೇ ನಕ್ಕಿದ್ದಳು.

ಉಪ್ಪಲ್ಲ ಕಣಜ್ಜಿ, ಮಂಜು. ಜಾರೋ ಆಟ.
"ಓ! ರಚ್ಚಿನ ಗುಡ್ಡೆ!
ನಮ್ಮ ಆಲೆಮನೆ ಹಿಂದ್ಗಡೆ ಇತ್ತು,
ಈ ಸೂರಿಗಿಂತ ಎತ್ರ.
ತೆಂಗಿನ ಮಟ್ಟೆ ಮೇಲೆ ಕುಂತ್ಕಂಡು ಬಿಟ್ರೆ
ಸೀದಾ ಗದ್ದೆ ಬದಕ್ಕೇ.
ಲಂಗ ಹರ್ಕಂಡು ಹೋದ್ರೆ
ನಮ್ಮವ್ವ ಊದುಗೊಳವೇಲಿ ಬಾರಿಸ್ತಿದ್ಲು.
ಸರ್ಕೊ ಅತ್ಲಾಗೆ."

ಸೆರಗು ಸಿಕ್ಕಿಸಿ ನನ್ನ ಕುರ್ಚಿಯಲ್ಲಿ ಕೂತಳು.
ಯಂತ್ರಕ್ಕೆ ಬೇಡವಾದ ಅದೇ ಬೆರಳನ್ನು
ಬಾಣದ ಮೇಲಿಟ್ಟಳು.
ಬಾಣ ಗುರುತು ಕೇಳಲಿಲ್ಲ.
ಮೊದಲ ಸಲ ಮರಕ್ಕೆ ಡಿಕ್ಕಿ.
ಎರಡನೇ ಸಲವೂ ಅದೇ ಮರ.
"ದಾರೀಲಿ ಯಾವನು ನೆಟ್ಟೋನು ಇದ?"
ಮೂರನೇ ಸಲ ಮರ ದಾಟಿತು, ಬಂಡೆ ದಾಟಿತು,
ಬೆಂಚಿನವರು ಜಾಗ ಮರೆತು ಎದ್ದು ಬಂದರು,
ಜಾತಿ ಸರ್ಟಿಫಿಕೇಟಿನ ಹುಡುಗ
ಎಡಕ್ಕಜ್ಜಿ, ಎಡಕ್ಕೆ, ಎಂದು ಕೂಗಿದ,
ಪಹಣಿಗೆ ಬಂದ ಮರಿಜವರಯ್ಯ
ತಾನೇ ಕೂತವನ ಹಾಗೆ ಮೈ ವಾಲಿಸಿದ.
ಗಾಳಿಯಲ್ಲಿ ಒಂದು ಪಲ್ಟಿ.
ನೂರ ನಲವತ್ತು ಅಂಕ.
ಹೊರಗೆ ಡಾಂಬರು ಕರಗುತ್ತಿತ್ತು.

"ಮೇಲಕ್ಕೋಗೋ ಗುಂಡಿ ಯಾವ್ದವ್ವಾ?"
ಇಲ್ಲಜ್ಜಿ. ಬಿದ್ದರೆ ತಾನೇ ಮೇಲಿಂದ ಶುರು.
ಇದು ಅವಳಿಗೆ ಸರಿಬರಲಿಲ್ಲ.
"ಹತ್ತದೆ ಜಾರೋದು ಏನ್ ಚಂದ?
ಮಟ್ಟೆ ಹೊತ್ಕಂಡು, ಅಂಗಾಲಿಗೆ ರಚ್ಚು ಚುಚ್ಚಿಸ್ಕಂಡು
ಹತ್ತಬೇಕಿತ್ತು ನಾವು."
ಅಂದರೂ ಬೆರಳು ತೆಗೆಯಲಿಲ್ಲ.

ಅಷ್ಟರಲ್ಲಿ ಪಕ್ಕದ ಕಿಟಕಿಯಲ್ಲಿ ಬಳೆ ನಿಂತು
ಹಸಿರು ಅಕ್ಷರ ಮೂಡಿತು.
ಬಂತು, ಬಂತು, ಎಂದು ಯಾರೋ.
ಬೆಂಚಿಗೆ ನೂಕುನುಗ್ಗಲು, ನಾನ್ ಮೊದಲು ನಾನ್ ಮೊದಲು,
ಯಾರದೋ ಚಪ್ಪಲಿ ಯಾರದೋ ಕಾಲಡಿ.
ಬೆರಳು ಕೊಡಜ್ಜಿ, ಬೇಗ,
ಮತ್ತೆ ಹೋಗಿಬಿಡುತ್ತೆ.

"ತಡಿ" ಅಂದಳು, ಕಣ್ಣು ಕೀಳದೆ,
"ಬದುಕಿರೋದ ಆಮೇಲೆ ಹೇಳ್ತೀನಿ.
ಈಗ ಮರ ಬತ್ತಾದೆ."